ಶಾರ್ಟ್‌ಹ್ಯಾಂಡ್ ಮೇಷ್ಟ್ರ ಇಂಗ್ಲಿಷು

ಮೇಷ್ಟ್ರ ಬಲಗಾಲಿನ ಹಿಮ್ಮಡಿ ಬೇಸಿಗೆಯಲ್ಲೂ ಒಡೆದಿರುತ್ತಿತ್ತು. ಡಿಕ್ಟೇಷನ್ ಕೊಡಲು ಕೂತರೆ ಮೊದಲು ಚಪ್ಪಲಿ ಕಳಚಿ ಪಕ್ಕಕ್ಕಿಡುತ್ತಿದ್ದರು. ಆಮೇಲೆ ಕಣ್ಣು ಮುಚ್ಚಿ, ಆ ಒಡೆದ ಹಿಮ್ಮಡಿಯಿಂದ ನೆಲಕ್ಕೆ ಮೆಲ್ಲಗೆ ಬಡಿಯುತ್ತಾ ಓದತೊಡಗುತ್ತಿದ್ದರು. ಪುಸ್ತಕ ತೊಡೆಯ ಮೇಲಿರುತ್ತಿತ್ತು, ಆದರೆ ಪಾಠವೆಲ್ಲ ಬಾಯಿಗೇ ಬಂದುಬಿಟ್ಟಿದ್ದರಿಂದ ಅದರ ಅಗತ್ಯ ಬೀಳುತ್ತಿರಲಿಲ್ಲ. ಕೈಗಡಿಯಾರವನ್ನು ಬಿಚ್ಚಿ ಮೇಜಿನ ಮೇಲಿಟ್ಟಿರುತ್ತಿದ್ದರು, ಅದನ್ನೂ ನೋಡುತ್ತಿರಲಿಲ್ಲ. ನಿಮಿಷಕ್ಕೆ ಎಂಬತ್ತು ಪದ ಅಂದರೆ ಎಂಬತ್ತೇ. ಅವರ ಕುರ್ಚಿಯ ಮುಂದೆ ಕೆಂಪು ಗಾರೆಯ ನೆಲ ಅಂಗೈಯಗಲ ಬಣ್ಣ ಬಿಟ್ಟು ಬೆಳ್ಳಗಾಗಿತ್ತು.

ಅದು ದೊಡ್ಡಬಳ್ಳಾಪುರದ ಹಳೇ ಬಸ್ ಸ್ಟ್ಯಾಂಡಿನ ಹತ್ತಿರ, ಒಂದು ಸೈಕಲ್ ಅಂಗಡಿಯ ಮೇಲಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟು. ಎಂಟು ಟೈಪ್‌ರೈಟರುಗಳು, ಎರಡು ಉದ್ದನೆಯ ಬೆಂಚು, ಗೋಡೆಗೆ ಒಂದು ಕಪ್ಪು ಹಲಗೆ. ಅಕ್ಕಪಕ್ಕ, ಹಿಂದೆ ಮುಂದೆ ಎಲ್ಲ ಪವರ್‌ಲೂಮಿನ ಮನೆಗಳು. ಬೆಳಿಗ್ಗೆಯಿಂದ ಸಂಜೆಯವರೆಗೆ ಮಗ್ಗಗಳ ಸದ್ದು. ಕೆಳಗಿನ ಬೀದಿಯೇ ನಡುಗುತ್ತಿದ್ದ ಆ ಸದ್ದಿನಲ್ಲಿ ಮೇಷ್ಟ್ರು ದನಿ ಏರಿಸಿ ಇಂಗ್ಲಿಷ್ ಓದುತ್ತಿದ್ದರು, ನಾವು ತಲೆ ತಗ್ಗಿಸಿ ಗೀಚುತ್ತಿದ್ದೆವು. ಕರೆಂಟು ಹೋದಾಗ ಮಾತ್ರ ಇಡೀ ಬೀದಿ ಒಮ್ಮೆಗೇ ಸುಮ್ಮನಾಗಿ, ಅವರ ದನಿಯೊಂದೇ ಜೋರಾಗಿ ಉಳಿದುಬಿಡುತ್ತಿತ್ತು. ಆಗ ಅವರು ಒಂದು ಕ್ಷಣ ನಾಚಿಕೊಂಡವರಂತೆ ನಿಲ್ಲಿಸಿ, ನೀರು ಕುಡಿದು, ಸಣ್ಣ ದನಿಯಲ್ಲಿ ಮುಂದುವರಿಸುತ್ತಿದ್ದರು.

ನಾನು ಅಲ್ಲಿಗೆ ಸೇರಿದ್ದು ಎಂಬತ್ತೆಂಟರಲ್ಲಿ, ಪಿಯುಸಿ ಇಂಗ್ಲಿಷಿನಲ್ಲಿ ಫೇಲಾದ ವರ್ಷ. ನಮ್ಮ ತಂದೆಗೆ ಎರಡು ಮಗ್ಗಗಳಿದ್ದವು. ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ. ಇಂಗ್ಲಿಷ್ ಇದ್ದದ್ದು ಪುಸ್ತಕದಲ್ಲಿ ಮಾತ್ರ. ಅಪ್ಪ ನನ್ನನ್ನು ಕರೆದುಕೊಂಡು ಹೋಗಿ ಬಾಗಿಲಲ್ಲಿ ನಿಂತಾಗ ಮೇಷ್ಟ್ರು ನನ್ನನ್ನೇ ಕೇಳಿದರು.

"ಯಾಕಮ್ಮ ಫೇಲಾದೆ?"

"ಇಂಗ್ಲಿಷ್ ಬರಲ್ಲ ಸಾರ್."

"ಕಿವಿ ಕೇಳ್ಸುತ್ತಾ?"

"ಕೇಳ್ಸುತ್ತೆ ಸಾರ್."

"ಹಾಗಾದ್ರೆ ಬರುತ್ತೆ ಬಿಡು. ಶಾರ್ಟ್‌ಹ್ಯಾಂಡ್‌ನಲ್ಲಿ ಸ್ಪೆಲ್ಲಿಂಗ್ ಇಲ್ಲ ಕಣಮ್ಮ. ಏನು ಕೇಳ್ಸುತ್ತೋ ಅದನ್ನ ಗೆರೆ ಎಳೆಯೋದು, ಅಷ್ಟೇ. ಮಗ್ಗದ ಮನೆ ಹುಡುಗಿ, ಗಲಾಟೆ ಮಧ್ಯ ಕೇಳಿಸ್ಕೊಳ್ಳೋದು ನಿನಗೆ ಯಾರೂ ಹೇಳ್ಕೊಡಬೇಕಾಗಿಲ್ಲ."

ಇಂಗ್ಲಿಷ್ ಬರುವುದಕ್ಕೆ ನನ್ನಲ್ಲಿ ಏನೋ ಒಂದು ಅರ್ಹತೆ ಇದೆ ಎಂದು ಯಾರಾದರೂ ಹೇಳಿದ್ದು ಅದೇ ಮೊದಲು.

ಮೇಷ್ಟ್ರ ಇಂಗ್ಲಿಷು ನಮ್ಮೂರಿನ ಇಂಗ್ಲಿಷು. ಅವರ ಬಾಯಲ್ಲಿ ಮೊಟ್ಟೆ 'ಯೆಗ್ಗು', ಪರೀಕ್ಷೆ 'ಯೆಗ್ಸಾಮು'. ಒಂದೊಂದು ಪದದ ಕೊನೆಗೂ ಒಂದು ಸಣ್ಣ 'ಉ' ಬಂದು ಕೂತಿರುತ್ತಿತ್ತು. ವ್ಯಾಕರಣ ಮಾತ್ರ ಅಚ್ಚುಕಟ್ಟು. ಒಂದು ಕಾಮಾ ತಪ್ಪಿದರೂ ಹಾಳೆ ವಾಪಸ್ ಬರುತ್ತಿತ್ತು. ಅವರ ಉಚ್ಚಾರಣೆ ಬೇರೆ ಥರದ್ದು ಎಂದು ನಮಗೆ ಹೊಳೆದಿರಲೇ ಇಲ್ಲ. ಇಂಗ್ಲಿಷ್ ಅಂದರೆ ಹಾಗೇ ಇರುತ್ತದೆ ಎಂದುಕೊಂಡಿದ್ದೆವು.

ಆದರೆ ಅವರಿಗೆ ಗೊತ್ತಿತ್ತು. ಅದಕ್ಕೇ ಶನಿವಾರದ ಡಿಕ್ಟೇಷನ್ನಿಗೆ ಅವರು ಬೇರೆ ಯಾರನ್ನಾದರೂ ಕರೆದುಕೊಂಡು ಬರುತ್ತಿದ್ದರು. ಕೇರಳದ ಕಡೆಯ ಒಬ್ಬ ನರ್ಸಮ್ಮ ಬರುತ್ತಿದ್ದರು. ಅವರ ಬಾಯಲ್ಲಿ 'ಸಿಂಪ್ಲಿ' ಅನ್ನುವುದು 'ಸಿಂಬ್ಲಿ' ಆಗುತ್ತಿತ್ತು. ತಮಿಳು ಮಾತಾಡುವ ಒಬ್ಬ ರಿಟೈರ್ಡ್ ಸ್ಟೇಷನ್ ಮಾಸ್ಟರು ಬರುತ್ತಿದ್ದರು. ಪಕ್ಕದ ತಾಲ್ಲೂಕಿನ ವಿಜಯಪುರದಿಂದ ರೇಷ್ಮೆ ನೂಲು ತರುವ ಉರ್ದು ಮಾತಿನ ಸಾಹೇಬರೊಬ್ಬರಿದ್ದರು. ಲೂಮಿನ ಮನೆಗಳಿಗೆ ನೂಲು ಇಳಿಸಿ, ಮೆಟ್ಟಿಲು ಹತ್ತಿ ಬಂದು, ಟೋಪಿ ಸರಿಮಾಡಿಕೊಂಡು 'ಇಸ್ಟೇಟ್‌ಮೆಂಟ್', 'ಇಸ್ಕೂಲ್' ಎಂದು ಗಂಭೀರವಾಗಿ ಓದುತ್ತಿದ್ದರು. ಒಮ್ಮೆ ನಮ್ಮ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸಾಹೇಬರು ಹೋಗುವವರೆಗೆ ಮೇಷ್ಟ್ರು ಏನೂ ಅನ್ನಲಿಲ್ಲ. ಹೋದ ಮೇಲೆ ಹೇಳಿದರು:

"ನಾಳೆ ಇವರೇ ನಿಮ್ಮ ಆಫೀಸರ್ ಆದ್ರೆ ನಗ್ತೀರಾ? ನಿಮ್ಮ ಸಾಹೇಬ ಯಾವ ಊರೋನು ಅಂತ ನಿಮಗೆ ಗೊತ್ತಾ? ಇಂಗ್ಲಿಷ್ ಈಗ ಯಾರ ಮನೆದೂ ಅಲ್ಲ. ಎಲ್ಲಾರ ಬಾಯಲ್ಲೂ ಹೋಗಿ ಬಂದಿದೆ. ಯಾರ ಬಾಯಲ್ಲಿ ಹೆಂಗೆ ಬರುತ್ತೋ ಹಂಗೇ ಹಿಡೀಬೇಕು."

ಹಾಗೆ ಹೇಳುವಾಗ ಅವರಿಗೆ ಕೋಪಕ್ಕಿಂತ ಆಯಾಸವೇ ಹೆಚ್ಚಾಗಿ ಇದ್ದಂತಿತ್ತು. ಅದರ ಕಾರಣ ನನಗೆ ತಿಳಿದದ್ದು ಒಂದೆರಡು ವರ್ಷದ ನಂತರ, ಕರೆಂಟಿಲ್ಲದ ಒಂದು ಮಧ್ಯಾಹ್ನ. ಆ ದಿನ ನಾನು ಮತ್ತು ಇನ್ನೊಬ್ಬಳು ಮಾತ್ರ ಬಂದಿದ್ದೆವು. ಮೇಷ್ಟ್ರು ಯಾಕೋ ತಮ್ಮ ಹಳೆಯ ಕೆಲಸದ ಮಾತು ತೆಗೆದರು.

ಇಪ್ಪತ್ತರ ವಯಸ್ಸಿನಲ್ಲಿ ಅವರು ಬೆಂಗಳೂರಿನ ಒಂದು ಇಂಗ್ಲಿಷ್ ಕಂಪನಿಯಲ್ಲಿ ಸ್ಟೆನೋ ಆಗಿದ್ದರು. ಮ್ಯಾನೇಜರ್ ಸ್ಕಾಟ್ಲೆಂಡಿನವನು. 'ರ'ಕಾರವನ್ನು ನಾಲಿಗೆಯಲ್ಲಿ ಉರುಳಿಸಿ ಉರುಳಿಸಿ ಮಾತಾಡುತ್ತಿದ್ದನಂತೆ. ಮೊದಲ ತಿಂಗಳು ಅರ್ಧಕ್ಕರ್ಧ ಅರ್ಥವಾಗುತ್ತಿರಲಿಲ್ಲ. ಮೇಷ್ಟ್ರು ಮಧ್ಯಾಹ್ನ ಊಟ ಬಿಟ್ಟು ಅವನ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತು, ಅವನು ಫೋನಿನಲ್ಲಿ ಮಾತಾಡುವುದನ್ನು ಕೇಳಿಕೇಳಿ ಕಿವಿ ಪಳಗಿಸಿಕೊಂಡರು. ಆಮೇಲೆ ಒಂದು ಪದವೂ ತಪ್ಪಲಿಲ್ಲ. ಒಂದು ದಿನ ಮೀಟಿಂಗಿನಲ್ಲಿ, ಬರೆದುಕೊಂಡದ್ದನ್ನು ಗಟ್ಟಿಯಾಗಿ ಓದು ಎಂದು ಮ್ಯಾನೇಜರ್ ಹೇಳಿದ. ಮೇಷ್ಟ್ರು ಎದ್ದು ನಿಂತು 'ಯೆಸ್ಟಿಮೇಟು' ಎಂದು ಓದಿದ ಕೂಡಲೇ ಮೇಜಿನ ಸುತ್ತ ನಗು.

"ದೊರೆ ನಗಲಿಲ್ಲ ಕಣಮ್ಮ," ಎಂದರು ಮೇಷ್ಟ್ರು. "ಅವನಿಗೆ ಬೇಕಾಗಿದ್ದು ಕಾಗದ, ಅದು ಸರಿಯಾಗಿತ್ತು. ನಕ್ಕಿದ್ದೆಲ್ಲ ನಮ್ಮೋರು. ಬೆಂಗಳೂರಲ್ಲಿ ಕಾನ್ವೆಂಟ್ ಓದಿದೋರು."

ಕೆಲವು ವರ್ಷದ ನಂತರ ಆ ಕಂಪನಿ ಬೊಂಬಾಯಿಗೆ ಹೋಯಿತು. ಮ್ಯಾನೇಜರ್ ಇವರನ್ನೂ ಕರೆದನಂತೆ. ಇವರು ಹೋಗದೆ ಊರಿಗೆ ಬಂದು ಇನ್‌ಸ್ಟಿಟ್ಯೂಟ್ ತೆರೆದರು. ಕಥೆ ಅಲ್ಲಿಗೆ ಮುಗಿಸಿ, "ಕರೆಂಟ್ ಬಂತು ನೋಡು" ಎಂದರು. ಬಂದಿರಲಿಲ್ಲ.

ತೊಂಬತ್ತೊಂದರಲ್ಲಿ ನಾನು ಶಾರ್ಟ್‌ಹ್ಯಾಂಡಿನ ಸೀನಿಯರ್ ಪರೀಕ್ಷೆ ಪಾಸು ಮಾಡಿ, ಬೆಂಗಳೂರಿನ ಒಂದು ಖಾಸಗಿ ಆಫೀಸಿನಲ್ಲಿ ಸ್ಟೆನೋ ಆಗಿ ಸೇರಿದೆ. ಏಳು ವರ್ಷ, ದಿನಾ ಬಸ್ಸು. ರಾಜಾನುಕುಂಟೆ, ಯಲಹಂಕ ದಾಟಿ ಹೋಗುವುದು, ಅದೇ ದಾರಿಯಲ್ಲಿ ಜೋತಾಡಿಕೊಂಡು ಬರುವುದು. ನಮ್ಮ ಆಫೀಸರು ಒಬ್ಬ ಬಂಗಾಳಿ. 'ವ'ಕಾರವೆಲ್ಲ ಅವರ ಬಾಯಲ್ಲಿ 'ಭ' ಆಗುತ್ತಿತ್ತು. ಮೂರೇ ದಿನದಲ್ಲಿ ನನ್ನ ಕಿವಿ ಹೊಂದಿಕೊಂಡಿತು. ಶನಿವಾರದ ಡಿಕ್ಟೇಷನ್ನಿನ ಬೆಲೆ ತಿಳಿದದ್ದು ಆಗ.

ಅಷ್ಟರಲ್ಲಿ ಕಾಲ ಬದಲಾಗುತ್ತಿತ್ತು. ಆಫೀಸುಗಳಿಗೆ ಕಂಪ್ಯೂಟರ್ ಬಂತು. ಆಫೀಸರುಗಳು ತಮ್ಮ ಕಾಗದ ತಾವೇ ಹೊಡೆದುಕೊಳ್ಳಲು ಕಲಿತರು. ತೊಂಬತ್ತೆಂಟರಲ್ಲಿ ನಮ್ಮ ಆಫೀಸಿನಲ್ಲಿ ಸ್ಟೆನೋ ಹುದ್ದೆಯನ್ನೇ ತೆಗೆದರು. ಇತ್ತ ದೊಡ್ಡಬಳ್ಳಾಪುರದಲ್ಲಿ, ಮೇಷ್ಟ್ರ ಇನ್‌ಸ್ಟಿಟ್ಯೂಟಿನ ಎದುರು ಸಾಲಿನಲ್ಲೇ ಒಬ್ಬ ಹುಡುಗ ಸ್ಪೋಕನ್ ಇಂಗ್ಲಿಷ್ ತರಗತಿ ಶುರುಮಾಡಿದ್ದ. ಅಮೆರಿಕದವರ ಹಾಗೆ ಮಾತಾಡುವುದನ್ನು ತಿಂಗಳಲ್ಲಿ ಕಲಿಸುತ್ತೇವೆ ಎಂಬ ಬೋರ್ಡು. ಮೇಷ್ಟ್ರ ಬೆಂಚುಗಳಲ್ಲಿ ಮೂವತ್ತು ಜನ ಕೂರುತ್ತಿದ್ದ ಕಡೆ ಹತ್ತು ಹನ್ನೆರಡು ಜನ.

ನಾನು ಎರಡು ತಿಂಗಳು ಅಲೆದು, ಬೆಂಗಳೂರಿನಲ್ಲಿ ಆಗ ಹೊಸದಾಗಿ ಬಂದಿದ್ದ ಒಂದು ಬಗೆಯ ಕೆಲಸಕ್ಕೆ ಸೇರಿದೆ. ಅಮೆರಿಕದ ಡಾಕ್ಟರುಗಳು ರೋಗಿಗಳನ್ನು ನೋಡಿದ ಮೇಲೆ ತಮ್ಮ ವರದಿಯನ್ನು ಬಾಯಲ್ಲಿ ಹೇಳಿ ಟೇಪು ಮಾಡುತ್ತಿದ್ದರು. ಆ ದನಿ ಇಲ್ಲಿಗೆ ಬರುತ್ತಿತ್ತು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕೇಳಿದ್ದನ್ನು ಕಂಪ್ಯೂಟರಿನಲ್ಲಿ ಟೈಪು ಮಾಡಿ ಕಳಿಸುವುದು ನಮ್ಮ ಕೆಲಸ. ಬೆಳಿಗ್ಗೆ ಏಳಕ್ಕೆ ಕೂತರೆ ಮಧ್ಯಾಹ್ನ ಮೂರರವರೆಗೆ ಕಿವಿಯಲ್ಲಿ ಕಾಣದ ಜನರ ಮಾತು. ಸಂಜೆ ಮನೆಗೆ ಬಂದು ಮಗ್ಗದ ಸದ್ದು ಕೇಳಿದರೆ, ಅದೊಂದು ಮಾತೂ ಆಡುವುದಿಲ್ಲವಲ್ಲ ಎಂದು ಸಮಾಧಾನವಾಗುತ್ತಿತ್ತು.

ಕೆಲಸಕ್ಕೆ ಮೊದಲು ಮೂರು ತಿಂಗಳ ತರಬೇತಿ. ಬಾಯಲ್ಲಿ ಬಂದರೆ ಕಿವಿಗೂ ಬರುತ್ತದೆ ಎಂದು ನಮಗೆ ಮಾತಾಡುವುದನ್ನೂ ಕಲಿಸಿದರು. 'ವಾಟರ್' ಅಲ್ಲ, 'ವಾಡರ್'. ನಾನು ಬೆಳಗಿನ ಜಾವ ಬಚ್ಚಲುಮನೆಯಲ್ಲಿ ನಿಂತು ನಾಲಿಗೆ ಮಡಚಿಕೊಂಡು 'ವಾಡರ್, ವಾಡರ್' ಎನ್ನುತ್ತಿದ್ದರೆ, ಅಮ್ಮ ಹೊರಗಿನಿಂದ "ಯಾರ ಜೊತೆನೇ ಮಾತಾಡ್ತಿದೀಯ?" ಎನ್ನುತ್ತಿದ್ದರು. ಇಪ್ಪತ್ತೆಂಟು ವರ್ಷದ ನಾಲಿಗೆಯನ್ನು ಬಗ್ಗಿಸುವುದು ಸುಲಭವಲ್ಲ. ನನ್ನ ಮಾತಿನಲ್ಲಿ ಮಾತೃಭಾಷೆಯ ಪ್ರಭಾವ ಜಾಸ್ತಿ ಎಂದು ಪ್ರತಿ ವಾರದ ವರದಿಯಲ್ಲಿ ಬರೆಯುತ್ತಿದ್ದರು. ನನ್ನ ಮಾತೃಭಾಷೆ ತೆಲುಗು. ಅವರು ಹೇಳುತ್ತಿದ್ದ ತಪ್ಪುಗಳೆಲ್ಲ ಮೇಷ್ಟ್ರದು. ಇದನ್ನು ನಾನು ಅಲ್ಲಿ ಯಾರಿಗೂ ಹೇಳಲಿಲ್ಲ.

ಕೆಲಸ ಗಟ್ಟಿಯಾದ ಮೇಲೆ ಕಂಪನಿಯವರು ಇನ್ನೊಂದು ತಂಡ ತೆಗೆದುಕೊಳ್ಳುವವರಿದ್ದರು. ಹೊಸಬರಿಗೆ ಕೇಳಿಸಿಕೊಳ್ಳುವುದನ್ನು, ಟೈಪಿಂಗನ್ನು ಕಲಿಸಲು ಅನುಭವಸ್ಥರು ಬೇಕು ಎಂದರು. ನನಗೆ ತಕ್ಷಣ ಹೊಳೆದದ್ದು ಮೇಷ್ಟ್ರು. ಹೋಗಿ ಹೇಳಿದೆ. ಅವರು ಮೊದಲು ನಕ್ಕುಬಿಟ್ಟರು.

"ಐವತ್ತೇಳಾಯ್ತು ಕಣಮ್ಮ ನನಗೆ. ಯಾರು ತಗೋತಾರೆ?"

"ನಿಮ್ಮಷ್ಟು ಚೆನ್ನಾಗಿ ಕೇಳಿಸ್ಕೊಳ್ಳೋರು ಅಲ್ಲಿ ಒಬ್ಬರೂ ಇಲ್ಲ ಸಾರ್."

ಪಕ್ಕದಲ್ಲಿ ಬತ್ತಿ ಹೊಸೆಯುತ್ತಿದ್ದ ಅವರ ಹೆಂಡತಿ, "ಹೋಗಿ ಬನ್ನಿ ಅತ್ಲಾಗೆ. ಈ ಮೆಟ್ಲು ಹತ್ತಿ ಇಳ್ದು ಉಸಿರು ಕಟ್ಟೋದು ತಪ್ಪುತ್ತೆ" ಎಂದರು. ಮೇಷ್ಟ್ರಿಗೆ ಆಗಲೇ ಉಬ್ಬಸ ಶುರುವಾಗಿತ್ತು.

ಅವರು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ನನಗಿಂತ ಮೊದಲೇ ಬಂದು ನಿಂತಿದ್ದರು. ದಾರಿಯುದ್ದಕ್ಕೂ ಹಳೆಯ ಬೆಂಗಳೂರಿನ ಮಾತಾಡಿದರು. ಎಷ್ಟೋ ವರ್ಷದಿಂದ ಅವರು ಹೆಬ್ಬಾಳ ದಾಟಿರಲಿಲ್ಲ.

ಅಲ್ಲಿ ತರಬೇತಿ ನೋಡಿಕೊಳ್ಳುತ್ತಿದ್ದವಳು ಇಪ್ಪತ್ತೈದರ ಹುಡುಗಿ. ಒಳ್ಳೆಯವಳು, ಸಭ್ಯಸ್ಥೆ. ಮೇಷ್ಟ್ರನ್ನು 'ಅಂಕಲ್' ಎಂದು ಕರೆದು ಕುರ್ಚಿ ಎಳೆದುಕೊಟ್ಟಳು. ಮೊದಲು ಒಂದು ಟೇಪು ಕೇಳಿಸಿದಳು. ಮೇಷ್ಟ್ರು ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದು, ಪೆನ್ಸಿಲ್ ತೆಗೆದು ಗೀಚುತ್ತಾ ಹೋದರು. ಅಮೆರಿಕದ ಡಾಕ್ಟರ ಮಾತು ಅವರು ಹುಟ್ಟಿದ ಮೇಲೆ ಕೇಳಿರಲಿಲ್ಲ. ಆದರೂ ನಿಲ್ಲಿಸಿ ಎನ್ನಲಿಲ್ಲ, ಹಿಂದಕ್ಕೆ ಹೋಗಿ ಎನ್ನಲಿಲ್ಲ. ಆಮೇಲೆ ಓದಿ ಹೇಳಿದಾಗ ಕಾಯಿಲೆಗಳ ಹೆಸರು ಬಿಟ್ಟರೆ ಎಲ್ಲ ಸರಿ. ಆ ಹೆಸರುಗಳಿಗೂ ಅರ್ಥ ಗೊತ್ತಿಲ್ಲದೆ ಶಬ್ದವನ್ನು ಮಾತ್ರ ಸರಿಯಾಗಿ ಹಿಡಿದಿದ್ದರು. ಆ ಹುಡುಗಿ ಬೆರಗಾಗಿ ನನ್ನ ಕಡೆ ನೋಡಿದಳು. ನಾನು ಹೆಮ್ಮೆಯಿಂದ ನಕ್ಕೆ.

ಆಮೇಲೆ ಅವಳು ಒಂದು ಹಾಳೆ ಕೊಟ್ಟು ಓದಲು ಹೇಳಿದಳು. ಓದಿದ್ದನ್ನು ಟೇಪು ಮಾಡಿಕೊಂಡಳು. ಅದನ್ನು ಅವರ ಮುಂದೆಯೇ ಹಾಕಿದಳು. ಎಲ್ಲ ಅಭ್ಯರ್ಥಿಗಳಿಗೂ ಹಾಗೇ ಮಾಡುತ್ತಿದ್ದರು, ಅದರಲ್ಲಿ ದುರುದ್ದೇಶ ಏನೂ ಇರಲಿಲ್ಲ.

ಮೂವತ್ತು ವರ್ಷ ಡಿಕ್ಟೇಷನ್ ಕೊಟ್ಟಿದ್ದ ಆ ಮನುಷ್ಯ ತಮ್ಮ ದನಿಯನ್ನು ಹೊರಗಿನಿಂದ ಕೇಳಿದ್ದು ಅದೇ ಮೊದಲು. ತಲೆ ಓರೆ ಮಾಡಿ ಸ್ವಲ್ಪ ಹೊತ್ತು ಆಲಿಸಿದರು. ನಂತರ ನನ್ನನ್ನು ಕೇಳಿದರು:

"ಇದು ನಾನಾ?"

"ಹೌದು ಸಾರ್."

"ಹಿಂಗಾ ನಾನು ಓದೋದು?"

ಹುಡುಗಿ ಮೃದುವಾಗಿಯೇ ಹೇಳಿದಳು: "ಅಂಕಲ್, ನಿಮ್ಮ ಲಿಸನಿಂಗ್ ಅದ್ಭುತ. ಆದ್ರೆ ಟ್ರೈನಿಂಗ್‌ಗೆ ಕಷ್ಟ. ಹೊಸಬರಿಗೆ ಈ ಉಚ್ಚಾರಣೆ ಅಂಟ್ಕೊಂಡ್ರೆ ಬಿಡಿಸೋಕೆ ಆಗಲ್ಲ." ಆಮೇಲೆ ನನ್ನ ಕಡೆ ತಿರುಗಿ ನಗುತ್ತಾ, "ನಿಮಗೇ ಎಷ್ಟು ಕಷ್ಟ ಆಯ್ತು ಅಲ್ವಾ? ಮೂರು ತಿಂಗಳು ಒದ್ದಾಡಿದ್ರಿ," ಎಂದಳು.

ನಾನು ತಲೆಯಾಡಿಸಿದೆ. "ಹೌದು," ಎಂದೆ.

ನನ್ನ ಜೀವನದಲ್ಲಿ ನಾನು ಆಡಿದ ಮಾತುಗಳಲ್ಲಿ ಅಷ್ಟು ಚಿಕ್ಕದೂ ಅಷ್ಟು ಭಾರವಾದದ್ದೂ ಇನ್ನೊಂದಿಲ್ಲ. ಸುಳ್ಳೇನೂ ಅಲ್ಲ. ಆದರೆ ಆ ಕೆಲಸ ನನಗೆ ಸಿಕ್ಕಿದ್ದೇ ಅವರು ಕೊಟ್ಟ ಕಿವಿಯಿಂದ ಎಂದು ಆ ಹೊತ್ತಿನಲ್ಲಿ ಹೇಳಬಹುದಿತ್ತು. ಹೇಳಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಮೇಷ್ಟ್ರು ಕಿಟಕಿಯ ಕಡೆ ಕೂತಿದ್ದರು. ಯಲಹಂಕ ದಾಟಿದ ಮೇಲೆ ನಾನು "ಸಾರ್..." ಎಂದು ಶುರುಮಾಡಿದೆ. ಅವರು ಕೈ ಎತ್ತಿ ನಿಲ್ಲಿಸಿದರು.

"ನೀನು ಹೌದು ಅಂದಿದ್ದು ಸರೀನೇ ಕಣಮ್ಮ. ಕೆಲಸ ಕೊಟ್ಟೋರ ಮುಂದೆ ಇನ್ನೇನ್ ಹೇಳ್ತೀಯ. ಮನಸ್ಸಿಗೆ ಹಚ್ಕೋಬೇಡ." ಸ್ವಲ್ಪ ದೂರ ಹೋದ ಮೇಲೆ, ನನಗೆ ಹೇಳಿದಂತೆಯೂ ಅಲ್ಲದೆ, "ಅಷ್ಟು ಜನ ಹುಡುಗೀರಿಗೆ ನಾನು ಹಿಂಗೇ ಹೇಳ್ಕೊಟ್ಟುಬಿಟ್ನಲ್ಲ" ಎಂದರು.

ಮರುವಾರ ಅವರು ಒಂದು ಟೇಪ್‌ರೆಕಾರ್ಡರ್ ತಂದರು. ಬೆಂಗಳೂರಿನಿಂದ ಇಂಗ್ಲಿಷ್ ಡಿಕ್ಟೇಷನ್ ಕ್ಯಾಸೆಟ್ಟುಗಳನ್ನು ತರಿಸಿದರು. ಆಮೇಲೆ ತರಗತಿಯಲ್ಲಿ ಕ್ಯಾಸೆಟ್ಟೇ ಓದುತ್ತಿತ್ತು. ಮೇಷ್ಟ್ರು ಪಕ್ಕದಲ್ಲಿ ಕೂತು ಗುಂಡಿ ಒತ್ತುತ್ತಿದ್ದರು. ಶನಿವಾರದ ಅತಿಥಿಗಳು ಬರುವುದು ನಿಂತಿತು. ಸ್ಟೇಷನ್ ಮಾಸ್ಟರು ಆಗಲೇ ತೀರಿಕೊಂಡಿದ್ದರು. ನೂಲಿನ ಸಾಹೇಬರು ಒಂದೆರಡು ಸಲ ಮೆಟ್ಟಿಲು ಹತ್ತಿ ಬಂದು, ಯಂತ್ರವನ್ನು ನೋಡಿ, ಚಹಾ ಕುಡಿದು ಹೋದರಂತೆ. ಕರೆಂಟು ಹೋದರೆ ಈಗ ಮಗ್ಗದ ಜೊತೆ ಡಿಕ್ಟೇಷನ್ನೂ ನಿಲ್ಲುತ್ತಿತ್ತು. ನಾನು ಅಲ್ಲಿಗೆ ಹೋಗುವುದನ್ನು ಕಡಿಮೆ ಮಾಡಿದೆ. ಬಸ್ಸಿನ ಆಯಾಸ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಆಯಾಸವೂ ಇತ್ತು, ಸುಳ್ಳಲ್ಲ.

ಆ ಹೊತ್ತಿಗೆ ನನ್ನ ಕೆಲಸದಲ್ಲಿ ನನಗೊಂದು ವಿಷಯ ಅರಿವಾಗತೊಡಗಿತ್ತು. ಅಮೆರಿಕದ ಡಾಕ್ಟರು ಎಂದು ನಮಗೆ ಬರುತ್ತಿದ್ದ ದನಿಗಳಲ್ಲಿ ಅರ್ಧದಷ್ಟು ಅಮೆರಿಕದವರದಾಗಿರಲಿಲ್ಲ. ಒಬ್ಬ ಚೀನಾದವನು, ಒಬ್ಬಳು ಫಿಲಿಪೈನ್ಸಿನವಳು, ಆಫ್ರಿಕಾದ ಒಬ್ಬ, ನಮ್ಮ ಪಂಜಾಬಿನ ಒಬ್ಬ. ಎಲ್ಲರೂ ಎಲ್ಲೆಲ್ಲಿಂದಲೋ ಅಲ್ಲಿಗೆ ಹೋಗಿ, ಅಲ್ಲಿಯ ಇಂಗ್ಲಿಷನ್ನು ಮೈಮೇಲೆ ಹಾಕಿಕೊಂಡು ಓಡಾಡುತ್ತಿದ್ದವರು. ತರಬೇತಿಯಲ್ಲಿ ನಾವು ಕಲಿತದ್ದು ಅವರ ಟೇಪುಗಳಿಗೆ ಉಪಯೋಗಕ್ಕೆ ಬರುತ್ತಿರಲಿಲ್ಲ. ಅಂಥ ಟೇಪುಗಳು ಸುತ್ತಿ ಸುತ್ತಿ ನನ್ನ ಮೇಜಿಗೇ ಬರುತ್ತಿದ್ದವು.

ಒಂದು ದಿನ ಪಕ್ಕದ ಮೇಜಿನ ಹುಡುಗಿ ನನ್ನನ್ನು ಕರೆದಳು. ಅವಳಿಗೆ ದಿನಾ ಬರುತ್ತಿದ್ದ ಒಬ್ಬ ಡಾಕ್ಟರು. ಬೆಳಗಿನ ಟೇಪಿನಲ್ಲಿ ಅಪ್ಪಟ ಅಮೆರಿಕದವನ ಹಾಗೆ ಮಾತಾಡುತ್ತಾನೆ, ಆದರೆ ದಿನದ ಕೊನೆಯ ಟೇಪಿನಲ್ಲಿ ಏನು ಹೇಳುತ್ತಾನೋ ಅರ್ಥವಾಗುವುದಿಲ್ಲ ಎಂದಳು. ಒಂದು ಔಷಧಿಯ ಪ್ರಮಾಣವನ್ನು ಅವಳು 'ಐವತ್ತು' ಎಂದು ಟೈಪು ಮಾಡಿದ್ದಳು, ಆದರೆ ಅನುಮಾನ. ನಾನು ಹೆಡ್‌ಫೋನ್ ಹಾಕಿಕೊಂಡೆ.

ಬಹಳ ದಣಿದ ದನಿ. ಮಧ್ಯೆ ಮಧ್ಯೆ ನಿಟ್ಟುಸಿರು. ಆ ದನಿ ಹೇಳುತ್ತಿತ್ತು: 'ಫಿಫ್ಟೀನು ಮಿಲ್ಲಿಗ್ರಾಮು.'

ಫಿಫ್ಟೀನು. ಆ ಕೊನೆಯ 'ಉ'ಕಾರ ಕೇಳಿ ಟೇಪನ್ನು ಹಿಂದಕ್ಕೆ ಸರಿಸಿ ಮತ್ತೆ ಹಾಕಿದೆ. ಎಲ್ಲಿಯ ಆಸ್ಪತ್ರೆಯೋ, ಎಷ್ಟು ವರ್ಷದಿಂದ ಅಲ್ಲಿದ್ದಾನೋ. ಕೋಲಾರದವನೋ, ತುಮಕೂರಿನವನೋ, ನಮ್ಮ ತೂಬಗೆರೆಯವನೋ, ನನಗೆ ಗೊತ್ತಿಲ್ಲ. ಆದರೆ ಅದು ನಾನು ಮೂರು ವರ್ಷ ಬೆಂಚಿನ ಮೇಲೆ ಕೂತು ಕೇಳಿದ್ದ ಇಂಗ್ಲಿಷು. ಐವತ್ತಲ್ಲ, ಹದಿನೈದು ಎಂದು ನಾನು ಹೇಳಿದೆ. ಮೇಲಿನವರು ಆಸ್ಪತ್ರೆಗೆ ಬರೆದು ಕೇಳಿದರು. ಹದಿನೈದೇ ಎಂದು ಉತ್ತರ ಬಂತು. ಹಾಗೇ ಬಿಟ್ಟಿದ್ದರೆ ಎಲ್ಲೋ ಒಂದು ಹಾಸಿಗೆಯಲ್ಲಿದ್ದ ಒಂದು ಜೀವಕ್ಕೆ ಏನಾಗುತ್ತಿತ್ತೋ.

ಆ ಸಂಜೆ ಬಸ್ಸಿಳಿದವಳು ಮನೆಗೆ ಹೋಗದೆ ನೇರ ಇನ್‌ಸ್ಟಿಟ್ಯೂಟಿನ ಮೆಟ್ಟಿಲು ಹತ್ತಿದೆ. ತರಗತಿ ಮುಗಿದಿತ್ತು. ಮೇಷ್ಟ್ರು ಒಬ್ಬರೇ ಟೈಪ್‌ರೈಟರುಗಳಿಗೆ ಮುಸುಕು ಹಾಕುತ್ತಿದ್ದರು. ನಾನು ನಿಂತಲ್ಲೇ ಎಲ್ಲ ಹೇಳಿದೆ. ಆ ಡಾಕ್ಟರ ದನಿಯನ್ನು ಅನುಕರಿಸಿಯೂ ತೋರಿಸಿದೆ. ಅವರಿಗೆ ಸಂತೋಷವಾಗುತ್ತದೆ, ತಮ್ಮ ಇಂಗ್ಲಿಷು ಕೆಲಸಕ್ಕೆ ಬಂತೆಂದು ಹಿಗ್ಗುತ್ತಾರೆ ಎಂದುಕೊಂಡಿದ್ದೆ.

ಅವರು ಕೈಯಲ್ಲಿದ್ದ ಮುಸುಕನ್ನು ಹಾಗೇ ಹಿಡಿದುಕೊಂಡು ಕೇಳಿದರು: "ಬೆಳಿಗ್ಗೆ ಹೊತ್ತು ಹಂಗೆ ಮಾತಾಡಲ್ವಾ ಅವನು?"

"ಇಲ್ಲ ಸಾರ್. ಬೆಳಿಗ್ಗೆ ಅಮೆರಿಕದೋನ ಥರಾನೇ. ಕೊನೇ ಟೇಪಲ್ಲಿ ಮಾತ್ರ."

ಮೇಷ್ಟ್ರು ಬೆಂಚಿನ ಮೇಲೆ ಕೂತರು.

"ಪಾಪ," ಎಂದರು. "ಎಷ್ಟು ಸುಸ್ತಾಗಿರ್ಬೇಕೋ."

ಅಷ್ಟೇ. ನಾನೂ ಪಕ್ಕದಲ್ಲಿ ಕೂತೆ. ಆ ದಿನ ಆಫೀಸಿನಲ್ಲಿ 'ಹೌದು' ಎಂದದ್ದಕ್ಕೆ ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಅವರಿಗೆ ಕೆಮ್ಮು ಬಂತು. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. ನೀರು ತಂದುಕೊಟ್ಟೆ. ಮಾತು ಅಲ್ಲಿಗೇ ಉಳಿಯಿತು.

ಮುಂದಿನ ವಾರದಿಂದ ಮೇಷ್ಟ್ರು ತಾವೇ ಡಿಕ್ಟೇಷನ್ ಕೊಡುತ್ತಿದ್ದಾರೆ ಎಂದು ಅಲ್ಲಿ ಕಲಿಯುತ್ತಿದ್ದ ನಮ್ಮ ಬೀದಿಯ ಹುಡುಗಿಯೊಬ್ಬಳು ಹೇಳಿದಳು. ಕ್ಯಾಸೆಟ್ಟು ಹಾಕುತ್ತಾರೆ, ಆಮೇಲೆ ಅದನ್ನೇ ತಾವೂ ಓದುತ್ತಾರೆ, ಎರಡನ್ನೂ ಬರೆಯಬೇಕು ಎಂದು ಅವಳು ದೂರುವ ದನಿಯಲ್ಲಿ ಹೇಳಿದಳು. ನನಗೆ ಎಷ್ಟೋ ದಿನದ ಮೇಲೆ ಆ ರಾತ್ರಿ ಒಳ್ಳೆಯ ನಿದ್ದೆ ಬಂತು.

ಆದರೆ ಅವರ ದನಿಗೇ ಶಕ್ತಿ ಉಳಿದಿರಲಿಲ್ಲ. ತೊಂಬತ್ತೊಂಬತ್ತರ ಚಳಿಗಾಲದ ಹೊತ್ತಿಗೆ ಉಬ್ಬಸ ಹೆಚ್ಚಾಗಿ, ಎರಡು ಪದ ಆಡಿದರೆ ಉಸಿರು ಸಾಲದಂತಾಯಿತು. ಮಾತಾಡಬೇಡಿ ಎಂದು ಡಾಕ್ಟರು ಹೇಳಿದರು. ನಾವು ಅಮ್ಮಾವ್ರು ಎನ್ನುತ್ತಿದ್ದ ಅವರ ಹೆಂಡತಿ ಒಂದು ಸ್ಲೇಟು, ಬಳಪ ತಂದುಕೊಟ್ಟರು. ಕನ್ನಡದಲ್ಲಿ ಪೂರ್ತಿ ಅಕ್ಷರ ಬರೆಯುವಷ್ಟು ಕೈಗೆ ಬಲವಿರಲಿಲ್ಲವೋ, ಅಥವಾ ಕೈಗೆ ಬಂದದ್ದೇ ಅದೋ, ಅವರು ಶಾರ್ಟ್‌ಹ್ಯಾಂಡಿನ ಗೆರೆಗಳಲ್ಲೇ ಬರೆಯತೊಡಗಿದರು. ಇಂಗ್ಲಿಷಿನ ಶಬ್ದಗಳಿಗೆಂದು ಇರುವ ಗೆರೆಗಳಲ್ಲಿ ಕನ್ನಡದ ಮಾತು. ಆ ಮನೆಯಲ್ಲಿ ಅದನ್ನು ಓದಬಲ್ಲವರು ಯಾರೂ ಇರಲಿಲ್ಲ. ಅಮ್ಮಾವ್ರು ಯಾರನ್ನಾದರೂ ಕಳಿಸಿ ನನ್ನನ್ನು ಕರೆಸುತ್ತಿದ್ದರು. ನಾನು ಕೆಲಸದಿಂದ ಬಂದವಳೇ ಹೋಗಿ ಓದಿ ಹೇಳುತ್ತಿದ್ದೆ. 'ಕಿಟಕಿ ತೆಗಿ.' 'ನೀನು ಊಟ ಮಾಡು.' 'ಹುಡುಗೀರ ಪರೀಕ್ಷೆ ಯಾವತ್ತು?' ದಿನವಿಡೀ ಕಿವಿಯಲ್ಲಿ ಪರದೇಶದ ಕಾಯಿಲೆಗಳನ್ನು ತುಂಬಿಕೊಂಡು ಬಂದವಳಿಗೆ ಆ ನಾಲ್ಕು ಗೆರೆಗಳು ಸಾಕಾಗುತ್ತಿದ್ದವು.

ಒಂದು ಸಂಜೆ ಹೋದಾಗ ಅವರು ನಿದ್ದೆಯಲ್ಲಿದ್ದರು. ಎದೆಯ ಮೇಲೆ ಸ್ಲೇಟಿತ್ತು. ಅದರಲ್ಲಿ ಒಂದು ಚಿಕ್ಕ ಗುರುತು. ಆತುರದಲ್ಲಿ ಬರೆಯುವಾಗ ಸ್ವರಗಳನ್ನು ಬಿಟ್ಟು ವ್ಯಂಜನಗಳನ್ನು ಮಾತ್ರ ಹಾಕುವುದು ನಮ್ಮಲ್ಲಿ ರೂಢಿ. ಸ ಮತ್ತು ಕ, ಅಷ್ಟೇ ಇತ್ತು. ಆ ಗೆರೆಗಳಲ್ಲಿ ಕ, ಖ ಎರಡೂ ಒಂದೇ.

"ಏನಂತೆ?" ಎಂದರು ಅಮ್ಮಾವ್ರು.

"ಅಮ್ಮಾ, ಸರಿಯಾಗಿ ಗೊತ್ತಾಗ್ತಿಲ್ಲ. 'ಸಾಕು' ಅಂತಲೂ ಓದ್ಬಹುದು, 'ಸುಖ' ಅಂತಲೂ ಓದ್ಬಹುದು."

ಅವರು ಸ್ಲೇಟಿನ ಕಡೆ ಬಗ್ಗಿ ಆ ಗೆರೆಯನ್ನು ನೋಡಿದರು. ಗಂಡನ ಮುಖ ನೋಡಿದರು. ಪಕ್ಕದಲ್ಲಿ ಅರ್ಧ ಕುಡಿದಿಟ್ಟ ಕಾಫಿ ಲೋಟ ನೋಡಿದರು.

"ಅಯ್ಯೋ, ಸಕ್ಕರೆ ಕಣಮ್ಮ," ಎಂದರು. "ಬೆಳಿಗ್ಗೆಯಿಂದ ಮನೇಲಿ ಸಕ್ಕರೆ ಇರ್ಲಿಲ್ಲ. ಸಪ್ಪೆ ಕಾಫೀನೇ ಕೊಟ್ಟಿದ್ದೆ. ಅದನ್ನೇ ಬರೆಯೋಕೆ ಹೋಗಿ ನಿದ್ದೆ ಬಂದ್ಬಿಟ್ಟಿದೆ."

ನಾನು ನಕ್ಕೆ. ಅವರೂ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಓಡಿಹೋಗಿ ಅಂಗಡಿಯಿಂದ ಸಕ್ಕರೆ ತಂದೆ. ಎಚ್ಚರವಾದ ಮೇಲೆ ಮೇಷ್ಟ್ರು ಬಿಸಿ ಕಾಫಿಯನ್ನು ಗುಟುಕು ಗುಟುಕಾಗಿ ಪೂರ್ತಿ ಕುಡಿದರು.

ಅದಾದ ಐದನೇ ದಿನ ಅವರು ಹೋದರು. ನಾನು ಆಗ ಬೆಂಗಳೂರಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೆ. ಸುದ್ದಿ ತಿಳಿದು ಊರು ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬೀದಿಯ ಮಗ್ಗಗಳನ್ನು ಆ ಮಧ್ಯಾಹ್ನ ನಿಲ್ಲಿಸಿದ್ದರಂತೆ.

ಹನ್ನೊಂದನೇ ದಿನ ಕಳೆದ ಮೇಲೆ ಅಮ್ಮಾವ್ರು ನನ್ನನ್ನು ಕರೆದು ಇನ್‌ಸ್ಟಿಟ್ಯೂಟಿನ ಬೀಗದ ಕೈ ಕೊಟ್ಟರು. ನಾಲ್ಕು ಹುಡುಗಿಯರು ಉಳಿದಿದ್ದರು, ಪರೀಕ್ಷೆಗೆ ಎರಡು ವಾರವೂ ಇರಲಿಲ್ಲ. "ಅವರನ್ನ ಒಂದು ದಡ ಮುಟ್ಟಿಸಿಬಿಡಮ್ಮ. ಆಮೇಲೆ ಬಾಗಿಲು ಹಾಕೋಣ," ಎಂದರು.

ನನಗೆ ಮೈಯಲ್ಲಿ ಶಕ್ತಿ ಇರಲಿಲ್ಲ. ಆದರೂ ದಿನಾ ಸಂಜೆ ಬಸ್ಸಿಳಿದು ಹೋದೆ. ಮೊದಲ ದಿನ ಪುಸ್ತಕ ಬಿಚ್ಚಿ ಕೂತಾಗ ಯಾವ ದನಿಯಲ್ಲಿ ಓದಬೇಕೆಂದೇ ತಿಳಿಯಲಿಲ್ಲ. ಎಂಟು ಗಂಟೆ ದುಡಿದು, ಎರಡು ಗಂಟೆ ಬಸ್ಸಿನಲ್ಲಿ ನಿಂತು ಬಂದವಳಿಗೆ ನಾಲಿಗೆ ಮಡಚುವ ತ್ರಾಣವಿರಲಿಲ್ಲ. ಬಂದ ಹಾಗೆ ಓದಿದೆ. ಕೆಳಗೆ ಮಗ್ಗಗಳು ಬಡಿಯುತ್ತಿದ್ದವು. ನಾಲ್ಕು ತಲೆಗಳು ಬಾಗಿ ಬರೆಯುತ್ತಿದ್ದವು. ಅರ್ಧದಲ್ಲಿ ಒಬ್ಬಳು ಪೆನ್ಸಿಲ್ ಎತ್ತಿ ನಿಲ್ಲಿಸಿದಳು.

"ಅಕ್ಕ, ಅದೊಂದು ಪದ ಸಿಗ್ಲಿಲ್ಲ. ಇನ್ನೊಂದ್ಸಲ ಹೇಳ್ತೀರಾ?"

ಹೇಳಿದೆ. ಅವಳು ಬರೆದುಕೊಂಡಳು. ಆ ಸಲ ನಾಲ್ವರಲ್ಲಿ ಮೂವರು ಪಾಸಾದರು.